ವಕೀಲರ ಕಚೇರಿಯಲ್ಲಿ ಕಾನೂನು ವಿದ್ಯಾರ್ಥಿ: ಡೈರಿಗೆ ಸಹಿ ಬೀಳುವುದರಾಚೆ ಏನಾಗಬೇಕು?

ಅಂತಿಮ ವರ್ಷದ ವಿದ್ಯಾರ್ಥಿನಿ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷದ ಎಲ್‌ಎಲ್.ಬಿ. ಕೋರ್ಸಿನ ಕೊನೆಯ ವರ್ಷದಲ್ಲಿದ್ದೇನೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ನಮಗೆ ಒಟ್ಟು 12 ವಾರ, ಐದು ವರ್ಷದ ಕೋರ್ಸಿನವರಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯವಾಗಿದೆ. ಇದರ ಜೊತೆಗೆ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪತ್ರಿಕೆಯ 100 ಅಂಕಗಳಲ್ಲಿ 30 ಅಂಕ ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ನೋಡಿ ಬರೆಯುವುದಕ್ಕೆ ಮೀಸಲು. ಇನ್ನು 30 ಅಂಕ, ವಕೀಲರು ಕಕ್ಷಿದಾರರೊಡನೆ ಮಾತನಾಡುವುದನ್ನೂ ದಾಖಲೆ ಸಿದ್ಧಪಡಿಸುವುದನ್ನೂ ಗಮನಿಸಿ ಡೈರಿ ಬರೆಯುವುದಕ್ಕೆ ಮೀಸಲು. ಕಾಗದದ ಮೇಲೆ ಇದು ಬಹಳ ಚೆನ್ನಾಗಿದೆ.

ಆದರೆ ನನ್ನ ತರಗತಿಯ ಡೈರಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಎಲ್ಲವೂ ಒಬ್ಬರೇ ಬರೆದಂತಿವೆ. ನ್ಯಾಯಾಲಯಕ್ಕೆ ಹೋದೆವು, ಸಾಕ್ಷಿಯ ಮುಖ್ಯ ವಿಚಾರಣೆ ನಡೆಯಿತು, ಪಾಟಿ ಸವಾಲಿಗಾಗಿ ಪ್ರಕರಣ ಮುಂದಕ್ಕೆ ಹೋಯಿತು, ಇಷ್ಟೇ. ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಸಾಕ್ಷಿಯ ದನಿ ಅರ್ಧ ಕೇಳಿಸುವುದಿಲ್ಲ. ಕೇಳಿಸಿದರೂ ವಕೀಲರು ಆ ಪ್ರಶ್ನೆಯನ್ನು ಏಕೆ ಹಾಕಿದರೆಂಬುದು ಗೊತ್ತಾಗುವುದಿಲ್ಲ. ಮನೆಯಲ್ಲಿಯೇ ವಕೀಲರಿರುವ ಸಹಪಾಠಿಗಳಿಗೆ ರಾತ್ರಿ ಊಟದ ಹೊತ್ತಿಗೆ ಅದನ್ನು ಕೇಳಿ ತಿಳಿಯುವ ಅನುಕೂಲವಿದೆ. ನಮ್ಮಂತಹ ಅಡಿಕೆ ಬೆಳೆಗಾರರ ಮನೆಯಿಂದ ಬಂದವರಿಗೆ ಅದಿಲ್ಲ. ವೃತ್ತಿನಿರತ ವಕೀಲರು ನಮಗೆ ನಿಜವಾಗಿ ಏನನ್ನು ಕಲಿಸಬಲ್ಲರು, ನಾವು ಏನು ಸಿದ್ಧತೆ ಮಾಡಿಕೊಂಡು ಅವರ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದನ್ನು ಹಿರಿಯರು ತಿಳಿಸಬೇಕೆಂದು ಕೋರುತ್ತೇನೆ.

ಸಿವಿಲ್ ವಕೀಲ, ಸಾಗರ:

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿದ್ಯಾರ್ಥಿಗೆ ಮೊದಲು ಸಿಗಬೇಕಾದದ್ದು ಕಡತ, ನ್ಯಾಯಾಲಯದ ಬೆಂಚಲ್ಲ. ಕಡತ ಓದದೆ ಕಲಾಪ ನೋಡುವವರಿಗೆ ತಲೆಬುಡ ತಿಳಿಯುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ನನ್ನ ಕಚೇರಿಗೆ ಬರುವ ವಿದ್ಯಾರ್ಥಿಗಳ ಕೈಗೆ ನಾನು ಸಾಮಾನ್ಯವಾಗಿ ಕೊಡುವುದು ಒಂದು ಪಾಲಿನ ದಾವೆಯ ಕಟ್ಟು. ನಮ್ಮ ಕಡೆ ಅದಕ್ಕೇನೂ ಬರವಿಲ್ಲ. ಕಟ್ಟಿನಲ್ಲಿ ವಂಶವೃಕ್ಷವಿರುತ್ತದೆ, ಹತ್ತಾರು ವರ್ಷಗಳ ಪಹಣಿಗಳಿರುತ್ತವೆ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲುಗಳಿರುತ್ತವೆ, ಕೆಲವೊಮ್ಮೆ ಭೂ ನ್ಯಾಯಮಂಡಳಿಯ ಹಳೆಯ ಆದೇಶವೂ ಇರುತ್ತದೆ. ದಾವಾಪತ್ರವನ್ನು ಮಾತ್ರ ನಾನು ತೆಗೆದಿಟ್ಟುಕೊಳ್ಳುತ್ತೇನೆ. ಉಳಿದ ದಾಖಲೆಗಳನ್ನು ಓದಿ, ತಾರೀಖುಗಳ ಒಂದು ಪಟ್ಟಿ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಯಾರು ಯಾವಾಗ ತೀರಿಕೊಂಡರು, ಯಾವ ಮಗಳ ಮದುವೆ ಯಾವ ವರ್ಷವಾಯಿತು, ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಯಾವಾಗ ಬದಲಾಯಿತು, 12ನೇ ಕಾಲಂನಲ್ಲಿ ಸಾಗುವಳಿದಾರರಾಗಿ ಯಾರಿದ್ದಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಂದರೆ ಸಾಕು.

ಈ ಹಾಳೆಯ ಮೇಲೆ ಮಾತಿಗೆ ಕುಳಿತಾಗ ಕಾನೂನು ತಾನಾಗಿ ಒಳಗೆ ಬರುತ್ತದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳನ್ನು ಸಹದಾಯಾದರನ್ನಾಗಿಸಿದ, ಅಂದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುದಾರರನ್ನಾಗಿಸಿದ, ಹಿಂದೂ ಉತ್ತರಾಧಿಕಾರ ಅಧಿನಿಯಮದ ತಿದ್ದುಪಡಿ ಇತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರು ಅದರಿಂದ ಹೊರಗಿದ್ದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿ, ಬದುಕಿರಬೇಕಾಗಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರವಿದ್ದರೆ ಚಿತ್ರವೇ ಬೇರೆ, ಆ ವಿಭಾಗ ಹಾಗೆಯೇ ನಿಲ್ಲುತ್ತದೆ. ಪರೀಕ್ಷೆಗೆ ಈ ನಾಲ್ಕು ತಾರೀಖುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ, ಕಡತದೊಳಗಿನ ಅಕ್ಕನಿಗೆ ಪಾಲು ಬರುತ್ತದೆಯೇ ಎಂದು ಕೇಳಿದರೆ ತಡಬಡಾಯಿಸುತ್ತಾನೆ. ತಾರೀಖಿನ ಹಾಳೆ ಮಾಡಿದವನು ತಡಬಡಾಯಿಸುವುದಿಲ್ಲ.

ಆಮೇಲೆ ನ್ಯಾಯಾಲಯ ಶುಲ್ಕ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಅಧಿನಿಯಮದ 35ನೇ ಕಲಮನ್ನು ತರಗತಿಯಲ್ಲಿ ಯಾರೂ ಆಸಕ್ತಿಯಿಂದ ಓದುವುದಿಲ್ಲ. ವಾದಿ ತಾನು ಜಂಟಿ ಸ್ವಾಧೀನದಲ್ಲಿದ್ದೇನೆ ಎಂದರೆ ಚಿಕ್ಕದೊಂದು ನಿಗದಿತ ಶುಲ್ಕ; ಸ್ವಾಧೀನದಿಂದ ಹೊರಗೆ ಹಾಕಲ್ಪಟ್ಟಿದ್ದೇನೆ ಎಂದರೆ ತನ್ನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಮದುವೆಯಾಗಿ ತೀರ್ಥಹಳ್ಳಿಗೆ ಹೋಗಿ ನೆಲೆಸಿದ ಮಗಳು ಸಾಗರದ ತೋಟದಲ್ಲಿ ಜಂಟಿ ಸ್ವಾಧೀನದಲ್ಲಿದ್ದಾಳೆಂದು ಬರೆಯಬಹುದೇ? ಬರೆದರೆ ಪಾಟಿ ಸವಾಲಿನಲ್ಲಿ ಅವಳಿಗೆ ಯಾವ ಪ್ರಶ್ನೆ ಬರುತ್ತದೆ? ಈ ಒಂದು ಪ್ರಶ್ನೆಯ ಮೇಲೆ ಒಂದು ಸಂಜೆ ಪೂರ್ತಿ ಕಳೆಯಬಹುದು, ಕಳೆಯಬೇಕು ಕೂಡ. ಇದೆಲ್ಲ ಆದ ಮೇಲೆ ದಾವಾಪತ್ರವನ್ನು ಕೊಟ್ಟು, ಇದರಲ್ಲಿ ಏನು ಬಿಟ್ಟುಹೋಗಿದೆ ಹೇಳಿ ಎಂದು ಕೇಳುತ್ತೇನೆ. ನ್ಯಾಯಾಲಯಕ್ಕೆ ಕರೆದೊಯ್ಯುವುದು ಆ ನಂತರ.

ಕ್ರಿಮಿನಲ್ ವಕೀಲೆ, ಭದ್ರಾವತಿ:

ಸಾಗರದ ಸರ್ ಹೇಳಿದ್ದು ಕೇಳಲು ಸೊಗಸಾಗಿದೆ, ಆದರೆ ನನಗೆ ಎರಡು ಆಕ್ಷೇಪಗಳಿವೆ.

ಮೊದಲನೆಯದು ಗೋಪ್ಯತೆ. ವಕೀಲ ಮತ್ತು ಕಕ್ಷಿದಾರನ ನಡುವಿನ ಮಾತಿಗೆ ಹಿಂದೆ ಸಾಕ್ಷ್ಯ ಅಧಿನಿಯಮದ 126ನೇ ಕಲಂ ಕೊಡುತ್ತಿದ್ದ ರಕ್ಷಣೆ, 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಅದು ದುಭಾಷಿಗಳಿಗೂ ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ನಾಲ್ಕು ವಾರಕ್ಕೆಂದು ಬಂದ ವಿದ್ಯಾರ್ಥಿಯ ಮಾತು ಅಲ್ಲಿಲ್ಲ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣವೊಂದರ ಆರೋಪಿಯ ತಾಯಿ ನನ್ನೆದುರು ಕುಳಿತು ಅಳುತ್ತಾ ಹೇಳುವ ಮಾತನ್ನು, ಅದೇ ಊರಿನವನೇ ಆಗಿರಬಹುದಾದ ವಿದ್ಯಾರ್ಥಿಯೊಬ್ಬ ಮೂಲೆಯಲ್ಲಿ ಕುಳಿತು ಡೈರಿಗೆ ಇಳಿಸುತ್ತಿದ್ದರೆ ನಾನು ಹೇಗೆ ಸುಮ್ಮನಿರಲಿ? ನಮ್ಮದು ಬೆಂಗಳೂರಲ್ಲ. ಇಲ್ಲಿ ಕಕ್ಷಿದಾರ, ಎದುರುಗಾರ, ಸಾಕ್ಷಿ, ವಿದ್ಯಾರ್ಥಿ ಎಲ್ಲರೂ ಒಂದೇ ಬಸ್ಸಿನಲ್ಲಿ ಊರಿಗೆ ಹೋಗುವವರು.

ಎರಡನೆಯದು, ಬರುವವರ ಮನಸ್ಸು. ಡೈರಿ ಒಪ್ಪಿಸುವ ದಿನ ಹತ್ತಿರ ಬಂದಾಗ ಐದಾರು ಜನ ಗುಂಪಾಗಿ ಬಂದು, ಮೇಡಂ ಒಂದು ಸಹಿ ಎನ್ನುತ್ತಾರೆ. ಅವರನ್ನು ಕೂರಿಸಿಕೊಂಡು ಪಾಠ ಹೇಳುವ ಪುರುಸೊತ್ತು ನನಗಿಲ್ಲ, ಕೇಳುವ ಪುರುಸೊತ್ತು ಅವರಿಗೂ ಇಲ್ಲ.

ಕಾನೂನು ಉಪನ್ಯಾಸಕ, ಶಿವಮೊಗ್ಗ:

ಮೇಡಂ ಅವರ ಎರಡನೆಯ ದೂರು ನಿಜ. ಅದಕ್ಕೆ ಅರ್ಧ ಕಾರಣ ನಾವು, ಅಂದರೆ ಕಾಲೇಜುಗಳು. ಡೈರಿಯಲ್ಲಿ ಸಹಿ ಇದೆಯೇ ಎಂದು ನೋಡುತ್ತೇವೆಯೇ ಹೊರತು, ಒಳಗೆ ಏನಿದೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೆದಕಿ ಕೇಳುವುದು ಅಪರೂಪ.

ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧನೆ ಮಾಡಲು 1979ರ ನಿಯಮಗಳು ಅವಕಾಶ ಕೊಟ್ಟಿವೆ. ಬೆಳಿಗ್ಗೆ ತರಗತಿ ಮುಗಿಸಿ ಹನ್ನೊಂದಕ್ಕೆ ನ್ಯಾಯಾಲಯ ಸೇರುವ ಇಂತಹ ಅರೆಕಾಲಿಕ ಬೋಧಕರೇ ಕಾಲೇಜಿಗೂ ಕೋರ್ಟಿಗೂ ಇರುವ ಗಟ್ಟಿ ಕೊಂಡಿ. ಈಗ ಅವರ ಅಗತ್ಯ ಇನ್ನೂ ಹೆಚ್ಚಾಗಿದೆ, ಏಕೆಂದರೆ ವಿದ್ಯಾರ್ಥಿಗಳು ಎರಡು ಸಂಹಿತೆಗಳನ್ನು ಏಕಕಾಲಕ್ಕೆ ತಿಳಿದಿರಬೇಕಾಗಿದೆ. 2024ರ ಜುಲೈ 1ಕ್ಕೆ ಮೊದಲು ನಡೆದ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯೇ ಅನ್ವಯ; ನಂತರದ್ದಕ್ಕೆ ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ. ನಾವು ತರಗತಿಯಲ್ಲಿ ಹೊಸದನ್ನು ಕಲಿಸುತ್ತೇವೆ, ವಿದ್ಯಾರ್ಥಿ ಕೋರ್ಟಿಗೆ ಹೋದರೆ ಅಲ್ಲಿ ಹಳೆಯ ಕಲಂ ಸಂಖ್ಯೆಗಳೇ ಕಿವಿಗೆ ಬೀಳುತ್ತವೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಈಗಲೂ ಎಲ್ಲರೂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸಂಖ್ಯೆ ಹಿಡಿದು 161 ಎಂದೇ ಅನ್ನುವುದು. ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 180 ಆಗಿದೆ.

ತೀರ್ಥಹಳ್ಳಿ ಮೂಲದವನು, ಈಗ ಲಂಡನ್:

ನಾನು ವಕೀಲನಲ್ಲ, ಇಲ್ಲಿನ ಕಾನೂನು ಸಂಸ್ಥೆಯೊಂದರಲ್ಲಿ ದಾಖಲೆ ನಿರ್ವಹಣೆಯ ಕೆಲಸ ಮಾಡುತ್ತೇನೆ. ಬ್ಯಾರಿಸ್ಟರುಗಳ ಪದ್ಧತಿಯನ್ನು ಹತ್ತಿರದಿಂದ ನೋಡುತ್ತಿರುವುದರಿಂದ ಎರಡು ಮಾತು ಹೇಳುತ್ತೇನೆ.

ಇಲ್ಲಿ ಬ್ಯಾರಿಸ್ಟರ್ ಆಗಬಯಸುವವರು ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ಬ್ಯಾರಿಸ್ಟರ್ ಸಂಘಗಳಲ್ಲಿ (ಇವನ್ನು ಇನ್ ಎನ್ನುತ್ತಾರೆ) ಒಂದನ್ನು ಸೇರಲೇಬೇಕು. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ ಕೆಲವು ದಿನಗಳ ಮಟ್ಟಿಗೆ ಬ್ಯಾರಿಸ್ಟರ್ ಒಬ್ಬರ ಬೆನ್ನ ಹಿಂದೆ ಇದ್ದು ಕೆಲಸ ನೋಡುವ ವ್ಯವಸ್ಥೆಗೆ ಮಿನಿ ಪ್ಯೂಪಿಲೇಜ್ ಎನ್ನುತ್ತಾರೆ. ಭದ್ರಾವತಿಯ ಮೇಡಂ ಎತ್ತಿದ ಗೋಪ್ಯತೆಯ ಪ್ರಶ್ನೆ ಇಲ್ಲಿಯೂ ಇದೆ. ವಿದ್ಯಾರ್ಥಿಯಿಂದ ಗೋಪ್ಯತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು ರೂಢಿ. ಓದು ಮುಗಿದ ಮೇಲೆ ಸಾಮಾನ್ಯವಾಗಿ 12 ತಿಂಗಳ ಪ್ಯೂಪಿಲೇಜ್, ಅಂದರೆ ಬ್ಯಾರಿಸ್ಟರ್ ಒಬ್ಬರ ಕೈಕೆಳಗಿನ ತರಬೇತಿ ಇರುತ್ತದೆ. ಮೊದಲ ಆರು ತಿಂಗಳು ನೋಡುವುದು, ಓದುವುದು, ಕರಡು ಬರೆಯುವುದು. ಎರಡನೆಯ ಆರು ತಿಂಗಳಲ್ಲಿ ಮೇಲ್ವಿಚಾರಕರ ನೆರಳಿನಲ್ಲಿ ಸ್ವತಃ ಪ್ರಕರಣ ನಡೆಸಬಹುದು. ಇದಕ್ಕೆ ಕನಿಷ್ಠ ಭತ್ಯೆಯನ್ನು ನಿಯಂತ್ರಣ ಮಂಡಳಿಯೇ ಗೊತ್ತುಪಡಿಸಿದೆ.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಪ್ಯೂಪಿಲೇಜ್ ಸಿಗುವುದು ಅತಿ ಕಷ್ಟ. ಪರಿಚಯ ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ ಎಂಬ ದೂರು ಹಳೆಯದು. ಅದಕ್ಕಾಗಿಯೇ ಇನ್‌ಗಳು ಮನೆತನದಲ್ಲಿ ವಕೀಲರಿಲ್ಲದ ವಿದ್ಯಾರ್ಥಿಗಳಿಗೆ ಬ್ಯಾರಿಸ್ಟರುಗಳನ್ನು ಮಾರ್ಗದರ್ಶಕರಾಗಿ ಜೋಡಿಸುವ ಯೋಜನೆಗಳನ್ನು ನಡೆಸುತ್ತಿವೆ. ಪ್ರಶ್ನೆ ಕೇಳಿದ ಸಹೋದರಿಯ ಅಳಲು ಶಿವಮೊಗ್ಗೆಗೆ ಮಾತ್ರ ಸೀಮಿತವಾದದ್ದಲ್ಲ.

ಸಿವಿಲ್ ವಕೀಲ, ಸಾಗರ:

ಲಂಡನ್ನಿನವರು ಹೇಳಿದ ಆ 12 ತಿಂಗಳ ಮಾತು ನಮ್ಮ ಚರ್ಚೆಗೆ ಬಹಳ ಮುಖ್ಯ. ನಮ್ಮಲ್ಲಿ ಅಂತಹದ್ದೊಂದು ಬರುವುದರಲ್ಲಿತ್ತು. ವಕೀಲರ ಪರಿಷತ್ತು 1995ರಲ್ಲಿ ವಕೀಲರಾಗಿ ನೋಂದಾಯಿಸಿಕೊಳ್ಳುವುದಕ್ಕೆ ಮುಂಚೆ ಒಂದು ವರ್ಷದ ತರಬೇತಿಯನ್ನು ಕಡ್ಡಾಯ ಮಾಡಿ ನಿಯಮ ತಂದಿತು. ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಅದನ್ನು ರದ್ದುಪಡಿಸಿತು. ಆಮೇಲೆ ಬಂದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು, ಸರಿ. ಆದರೆ ಆ ಪರೀಕ್ಷೆ ಬರೆದು ಪಾಸಾದವನಿಗೆ ವಕಾಲತ್ತು ತುಂಬಲು ಬರುತ್ತದೆಂದು ಯಾರೂ ಖಾತರಿ ಕೊಡಲಾರರು. ಹೀಗಾಗಿ ಅಲ್ಲಿ ಪದವಿಯ ನಂತರ ವ್ಯವಸ್ಥಿತವಾಗಿ ಆಗುವ ಕೆಲಸ, ನಮ್ಮಲ್ಲಿ ಓದಿನ ನಡುವಿನ ಈ 12 ಅಥವಾ 20 ವಾರಗಳಲ್ಲಿಯೂ, ಆಮೇಲೆ ಸೀನಿಯರ್ ಒಬ್ಬರ ಮರ್ಜಿಯಲ್ಲಿಯೂ ಆಗಬೇಕಾಗಿದೆ.

ಬ್ಯಾರಿಸ್ಟರುಗಳ ಮಾತು ಬಂದದ್ದರಿಂದ ಒಂದು ಉದಾಹರಣೆ. ಗಾಂಧೀಜಿ ಇನ್ನರ್ ಟೆಂಪಲ್‌ನಿಂದ 1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು. ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಮೊದಲ ಪಾಟಿ ಸವಾಲಿಗೆ ಎದ್ದು ನಿಂತು, ಒಂದು ಪ್ರಶ್ನೆಯೂ ಹೊರಡದೆ ಕುಳಿತುಬಿಟ್ಟು, 30 ರೂಪಾಯಿ ಫೀಯನ್ನು ಹಿಂದಿರುಗಿಸಿದರೆಂದು ಅವರೇ ಬರೆದುಕೊಂಡಿದ್ದಾರೆ. ಲಂಡನ್ ಬಿಡುವ ಮುನ್ನ ಅವರು ಸಲಹೆ ಕೇಳಲು ಹೋದ ಫ್ರೆಡರಿಕ್ ಪಿಂಕಟ್ ಎಂಬ ಹಿರಿಯರು, ಕಾನೂನಿನ ಮುಕ್ಕಾಲು ಪಾಲು ಸಂಗತಿಗಳೇ ಎಂಬ ಅರ್ಥದ ಮಾತು ಹೇಳಿದ್ದರು. ಅದರ ಬೆಲೆ ಗಾಂಧೀಜಿಗೆ ಗೊತ್ತಾದದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ, ವರ್ತಕ ದಾದಾ ಅಬ್ದುಲ್ಲಾ ಅವರ ಲೆಕ್ಕಪುಸ್ತಕಗಳನ್ನು ಒಂದೊಂದಾಗಿ ಓದಿ ಪ್ರಕರಣ ಸಿದ್ಧಪಡಿಸುವಾಗ. ಅಲ್ಲಿಯೂ ಕಲಿಸಿದ್ದು ಕಡತವೇ.

ಇನ್ನು ಗೋಪ್ಯತೆ. ಮೇಡಂ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಆದರೆ ಅದು ಕಡತವನ್ನೇ ಕೊಡದಿರಲು ಕಾರಣವಲ್ಲ. ಯಾವ ಕಡತವನ್ನು ಕೊಡಬೇಕು ಎಂದು ಯೋಚಿಸಲು ಕಾರಣ. ತೀರ್ಪಾಗಿ, ಅಪೀಲಿನ ಅವಧಿಯೂ ಮುಗಿದ ಸಿವಿಲ್ ಪ್ರಕರಣಗಳು ಪ್ರತಿಯೊಬ್ಬ ವಕೀಲರ ಬೀರುವಿನಲ್ಲಿಯೂ ಧೂಳು ತಿನ್ನುತ್ತಿವೆ. ದಾವಾಪತ್ರ, ಪ್ರತಿವಾದ ಪತ್ರ, ಸಾಕ್ಷಿ ಹೇಳಿಕೆ, ತೀರ್ಪು ಇವೆಲ್ಲ ನ್ಯಾಯಾಲಯದ ದಾಖಲೆಗೆ ಸೇರಿದವು. ಕಕ್ಷಿದಾರ ನಮ್ಮೊಡನೆ ಹೇಳಿಕೊಂಡದ್ದರ ಟಿಪ್ಪಣಿಯನ್ನು ತೆಗೆದಿಟ್ಟು ಉಳಿದದ್ದನ್ನು ಕೊಟ್ಟರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಎರಡನೆಯ ವರ್ಷದ ಕಿರಿಯ ವಕೀಲ, ಶಿಕಾರಿಪುರ:

ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆಯಿರಲಿ. ವಿದ್ಯಾರ್ಥಿಗಳು ಇದನ್ನು ಅಂಕದ ವಿಷಯವೆಂದಷ್ಟೇ ತಿಳಿಯಬಾರದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿದೆ. ಪದವಿ ಮುಗಿಸಿ ನೇರವಾಗಿ ಪರೀಕ್ಷೆಗೆ ಕುಳಿತುಬಿಡೋಣ ಎಂದುಕೊಂಡಿದ್ದವರೂ ಈಗ ಒಬ್ಬ ಸೀನಿಯರ್ ಬಳಿ ಬರಲೇಬೇಕು. ಅಲ್ಲದೆ ಆ ವಕೀಲಿಕೆಗೆ ಪ್ರಧಾನ ನ್ಯಾಯಾಧೀಶರ ಪ್ರಮಾಣಪತ್ರ ಬೇಕು, ಇಲ್ಲವೇ ಕನಿಷ್ಠ ಹತ್ತು ವರ್ಷದ ಅನುಭವವಿರುವ ವಕೀಲರ ಪ್ರಮಾಣಪತ್ರಕ್ಕೆ ನ್ಯಾಯಾಧೀಶರ ಮೇಲುಸಹಿ ಬೇಕು. ವಿದ್ಯಾರ್ಥಿಯಾಗಿದ್ದಾಗಲೇ ಒಂದು ಕಚೇರಿಯ ಪರಿಚಯ ಬೆಳೆಸಿಕೊಂಡವರಿಗೆ ಈ ಮೂರು ವರ್ಷ ಭಾರವಾಗುವುದಿಲ್ಲ.

ಹಣದ ಮಾತನ್ನೂ ಮುಚ್ಚುಮರೆಯಿಲ್ಲದೆ ಆಡಬೇಕು. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಕೊಡಬಲ್ಲ ಸೀನಿಯರುಗಳು ಎಷ್ಟಿದ್ದಾರೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ತರಬೇತಿ ಭತ್ಯೆ ಇದೆ. ಅಂತಿಮ ವರ್ಷದವರು ಜಿಲ್ಲಾ ಕಚೇರಿಯಲ್ಲಿ ಈಗಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ವಕೀಲರಾಗಿ ನೋಂದಾಯಿಸಿಕೊಳ್ಳುವ ಶುಲ್ಕದ ಹೊರೆ ಮಾತ್ರ ಇಳಿದಿದೆ. ಸುಪ್ರೀಂ ಕೋರ್ಟಿನ 2024ರ ಜುಲೈ 30ರ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ.

ಅಂತಿಮ ವರ್ಷದ ವಿದ್ಯಾರ್ಥಿನಿ, ಶಿವಮೊಗ್ಗ:

ಎಲ್ಲರಿಗೂ ಕೃತಜ್ಞತೆಗಳು. ಒಂದು ತೊಂದರೆಯನ್ನು ಹೇಳಿಕೊಳ್ಳಬೇಕಾಗಿದೆ. ಕಚೇರಿಯಲ್ಲಿ ನಿಜವಾದ ಚರ್ಚೆ ನಡೆಯುವುದು ಸಂಜೆ ಆರರ ನಂತರ, ಕಕ್ಷಿದಾರರು ಬರುವ ಹೊತ್ತಿಗೆ. ಹೊಸನಗರ, ಸೊರಬ ಕಡೆಯಿಂದ ಓಡಾಡುವ ನಮ್ಮ ತರಗತಿಯ ಹುಡುಗಿಯರು ಆ ಹೊತ್ತಿಗೆ ಕೊನೆಯ ಬಸ್ಸಿನ ಚಿಂತೆಯಲ್ಲಿರುತ್ತಾರೆ. ಮಳೆಗಾಲದಲ್ಲಂತೂ ಮನೆಯವರು ಒಪ್ಪುವುದೇ ಇಲ್ಲ. ಹೀಗಾಗಿ ಹಗಲಿನ ಬೆಂಚು ನಮಗೆ, ಸಂಜೆಯ ಪಾಠ ಹುಡುಗರಿಗೆ ಎಂಬಂತಾಗಿದೆ. ಇದಕ್ಕೆ ಏನಾದರೂ ದಾರಿ ಇದೆಯೇ? ಕ್ರಿಮಿನಲ್ ಪ್ರಕರಣದಲ್ಲಿ ಕಡತದಿಂದ ಆರಂಭಿಸುವುದು ಹೇಗೆ ಎಂಬುದನ್ನೂ ಮೇಡಂ ತಿಳಿಸಿದರೆ ಉಪಕಾರವಾಗುತ್ತದೆ.

ಕ್ರಿಮಿನಲ್ ವಕೀಲೆ, ಭದ್ರಾವತಿ:

ಸಂಜೆಯ ಸಮಸ್ಯೆ ನನಗೆ ಹೊಸದಲ್ಲ. ನಾನೂ ಅದನ್ನು ದಾಟಿ ಬಂದವಳೇ. ಸೀನಿಯರ್ ಕಚೇರಿಯ ಕೆಲಸವೆಂದರೆ ರಾತ್ರಿ ಒಂಬತ್ತರವರೆಗೆ ಕೂರುವುದು ಎಂಬ ಪದ್ಧತಿಯನ್ನು ಯಾವ ಕಾನೂನೂ ಬರೆದಿಟ್ಟಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ, ಇಲ್ಲವೇ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ಬೆಳಿಗ್ಗೆ ಒಂದು ತಾಸು ಮೀಸಲಿಟ್ಟರೆ ಈ ಕೆಲಸ ಆಗುತ್ತದೆ. ಕಕ್ಷಿದಾರರ ಸಂದರ್ಶನಕ್ಕೆ ವಿದ್ಯಾರ್ಥಿಗಳು ನನ್ನ ಕಚೇರಿಗೇ ಬರಬೇಕೆಂದೂ ಇಲ್ಲ. ಕಾನೂನು ಶಿಕ್ಷಣ ನಿಯಮದಲ್ಲಿ ಕಾನೂನು ನೆರವು ಕಚೇರಿಯ ಹೆಸರೂ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹಗಲು ಹೊತ್ತಿನಲ್ಲಿಯೇ ಜನ ಬರುತ್ತಾರೆ. ಹೆಂಗಸರಿಗೂ ಪರಿಶಿಷ್ಟರಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಡಿ ಅಲ್ಲಿ ನೆರವು ಸಿಗುತ್ತದೆ. ಕಕ್ಷಿದಾರರೊಡನೆ ಹೇಗೆ ಮಾತನಾಡಬೇಕೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು.

ಕ್ರಿಮಿನಲ್ ಕಡತದ ಬಗ್ಗೆ: ಸಾಗರದ ಸರ್ ತಾರೀಖಿನ ಪಟ್ಟಿ ಮಾಡಿಸುತ್ತಾರೆ, ನಾನು ಮಾಡಿಸುವುದಾದರೆ ಎರಡು ಕಾಲಂಗಳ ಹಾಳೆ ಮಾಡಿಸುತ್ತೇನೆ. ಎಡಗಡೆ, ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದು. ಬಲಗಡೆ, ಅದೇ ಸಾಕ್ಷಿ ನ್ಯಾಯಾಲಯದಲ್ಲಿ ಹೇಳಿದ್ದು. ಹೊಡೆದಾಟದ ಪ್ರಕರಣವಾದರೆ, ಮಚ್ಚು ಹಿಡಿದವನು ಯಾರು, ಎಲ್ಲಿ ನಿಂತಿದ್ದ, ಬೀದಿ ದೀಪ ಇತ್ತೇ, ಸಾಕ್ಷಿ ಎಷ್ಟು ದೂರದಲ್ಲಿದ್ದ ಎಂಬುದನ್ನು ಸಾಲು ಸಾಲಾಗಿ ಎದುರುಬದುರು ಬರೆಯಬೇಕು. ಎಡಗಡೆ ಖಾಲಿಯಿದ್ದು ಬಲಗಡೆ ತುಂಬಿದ್ದರೆ ಅದು ಬಿಟ್ಟುಹೋದ ಮಾತು; ಎರಡೂ ಕಡೆ ಇದ್ದು ಒಂದಕ್ಕೊಂದು ತಾಳೆಯಾಗದಿದ್ದರೆ ಅದು ವಿರೋಧಾಭಾಸ. ವಿರೋಧಾಭಾಸವನ್ನು ಗುರುತು ಮಾಡಿಸಬೇಕಾದರೆ ಸಾಕ್ಷಿಗೆ ಹಳೆಯ ಹೇಳಿಕೆಯ ಆ ಭಾಗವನ್ನೇ ಓದಿ ತೋರಿಸಿ ಕೇಳಬೇಕು. ಸಾಕ್ಷಿ ಅಲ್ಲಗಳೆದರೆ, ತನಿಖಾಧಿಕಾರಿ ಬಂದಾಗ ಅವರ ಬಾಯಿಂದ ಅದನ್ನು ರುಜುವಾತು ಮಾಡಿಸಬೇಕು. ಇದು ಹಿಂದಿನ ಸಾಕ್ಷ್ಯ ಅಧಿನಿಯಮದಲ್ಲಿ 145ನೇ ಕಲಂ, ಈಗಿನದರಲ್ಲಿ 148. ಈ ಹಾಳೆ ಕೈಯಲ್ಲಿ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಗೆ ಪ್ರತಿ ಪ್ರಶ್ನೆಯೂ ಏಕೆ ಬಂತೆಂದು ತಿಳಿಯುತ್ತದೆ. ಎಷ್ಟೋ ಸಲ, ವಕೀಲರು ಯಾವ ಪ್ರಶ್ನೆಯನ್ನು ಬೇಕೆಂದೇ ಕೇಳಲಿಲ್ಲ ಎಂಬುದೂ ತಿಳಿಯುತ್ತದೆ, ಅದು ಇನ್ನೂ ದೊಡ್ಡ ಪಾಠ.

ತೀರ್ಪಾದ ಕಡತಗಳನ್ನು ಕೊಡುವ ಸಲಹೆ ನನಗೆ ಒಪ್ಪಿಗೆಯಾಗಿದೆ. ಮಕ್ಕಳ ಮತ್ತು ಲೈಂಗಿಕ ಅಪರಾಧಗಳ ಕಡತಗಳನ್ನು ಮಾತ್ರ ತೀರ್ಪಾಗಿದ್ದರೂ ಕೊಡುವುದಿಲ್ಲ. ಸಂತ್ರಸ್ತರ ಗುರುತು ಹೊರಬೀಳಬಾರದೆಂಬುದು ಕಾನೂನೇ ಹೇಳಿದ ಮಾತು.

ಕಾನೂನು ಉಪನ್ಯಾಸಕ, ಶಿವಮೊಗ್ಗ:

ಹಾಗಿದ್ದರೆ ನಮ್ಮ ಕಡೆಯಿಂದ ಒಂದು ಬದಲಾವಣೆ ಮಾಡಬಹುದು. ಡೈರಿಯ ಜೊತೆಗೆ ಸಾಗರದ ಸರ್ ಹೇಳಿದ ತಾರೀಖಿನ ಪಟ್ಟಿಯನ್ನೋ ಮೇಡಂ ಹೇಳಿದ ಎರಡು ಕಾಲಂಗಳ ಹಾಳೆಯನ್ನೋ ಹೆಸರು ಮರೆಮಾಡಿ ಲಗತ್ತಿಸಬೇಕೆಂದು ವಿಭಾಗದಲ್ಲಿ ಪ್ರಸ್ತಾಪಿಸುತ್ತೇನೆ, ಮೌಖಿಕ ಪರೀಕ್ಷೆಯ ಪ್ರಶ್ನೆಗಳನ್ನು ಅದರ ಮೇಲೆಯೇ ಕೇಳುತ್ತೇವೆ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಸಾಕ್ಷಿ ಹೇಳಿಕೆ ದಾಖಲಾಗುವುದೇ ಕನ್ನಡದಲ್ಲಿ.

ಸಿವಿಲ್ ವಕೀಲ, ಸಾಗರ:

ಉಪವಿಭಾಗಾಧಿಕಾರಿಗಳ ನ್ಯಾಯಾಲಯವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ಸರ್. ಮಲೆನಾಡಿನ ಅರ್ಧ ಜಗಳ ಅಲ್ಲಿದೆ. ಬಗರ್‌ಹುಕುಂ ಅರ್ಜಿ, ಖಾತೆ ತಕರಾರು, ಅರಣ್ಯ ಹಕ್ಕಿನ ಅರ್ಜಿ ಇವುಗಳನ್ನು ನೋಡದೆ ಇಲ್ಲಿ ವಕೀಲಿಕೆ ಮಾಡುತ್ತೇನೆ ಎನ್ನುವವರು ಮೊದಲ ಕಕ್ಷಿದಾರನ ಎದುರೇ ಕಕ್ಕಾಬಿಕ್ಕಿಯಾಗುತ್ತಾರೆ. ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿ ಎದ್ದುಬಂದ ಕುಟುಂಬ ಯಾವ ಕಾಗದ ಹಿಡಿದು ಅದನ್ನು ತೋರಿಸಬೇಕು ಎಂಬ ಪ್ರಶ್ನೆಯನ್ನು ಯಾವ ಮೂಟ್ ಕೋರ್ಟೂ ಕೇಳಿದ್ದಿಲ್ಲ.

ಕ್ರಿಮಿನಲ್ ವಕೀಲೆ, ಭದ್ರಾವತಿ:

ಪ್ರಶ್ನೆ ಕೇಳಿದ ಹುಡುಗಿಗೆ: ದಸರಾ ರಜೆ ಕಳೆದ ಮೇಲೆ ಇಬ್ಬರು ವಿದ್ಯಾರ್ಥಿಗಳನ್ನು ಶನಿವಾರದ ಬೆಳಿಗ್ಗೆಗೆ ತೆಗೆದುಕೊಳ್ಳುತ್ತೇನೆ. ಕಾಲೇಜಿನ ಪತ್ರ ತನ್ನಿ. ಗೋಪ್ಯತೆಯ ಮುಚ್ಚಳಿಕೆಯ ಕರಡನ್ನು ನೀವೇ ಕನ್ನಡದಲ್ಲಿ ಬರೆದು ತನ್ನಿ, ಅದೇ ನಿಮ್ಮ ಮೊದಲ ಕೆಲಸ. ಡೈರಿಯನ್ನು ಮಾತ್ರ ಮೊದಲ ತಿಂಗಳು ತರುವುದು ಬೇಡ.